ಕೈ ಇಟ್ಟರೆ ಓಡುವ ಗಾಡಿ

"ನಿಲ್ಲಿಸಿ ಅದನ್ನ!"

ಅಂಗಡಿಯೊಳಗೆ ಅವಳು ಇಟ್ಟದ್ದು ಒಂದೇ ಹೆಜ್ಜೆ. ಇನ್ನೊಂದು ಕಾಲು ಹೊಸ್ತಿಲ ಆಚೆಯೇ ಇತ್ತು.

ಮೋಟಾರ್ ರಿಪೇರಿ ಅಂಗಡಿ ಅದು. ಬಿಚ್ಚಿ ಹರವಿದ ಪಂಪುಗಳು, ರೆಕ್ಕೆ ಕಳಚಿದ ಫ್ಯಾನುಗಳು, ವಾರ್ನಿಷ್ ವಾಸನೆ, ಗೋಡೆಯ ಮೊಳೆಗಳಿಗೆ ತೂಗುಬಿಟ್ಟ ತಾಮ್ರದ ತಂತಿಯ ಸುರುಳಿಗಳು. ಇಷ್ಟರ ನಡುವೆ ಮೇಜಿನ ಮೇಲೆ ಆಟಿಕೆ ರೈಲಿನ ಮೊಟ್ಟೆಯಾಕಾರದ ಸಣ್ಣ ಹಳಿ. ಅಂಗೈಯುದ್ದದ ಒಂದು ಇಂಜಿನ್ ಎರಡು ಡಬ್ಬಿ ಎಳೆದುಕೊಂಡು ಅದರ ಮೇಲೆ ಸುತ್ತುತ್ತಿತ್ತು. ಹಳಿಯ ಜೋಡಣೆ ದಾಟುವಾಗೆಲ್ಲ ಟಿಕ್-ಟಿಕ್... ಟಿಕ್-ಟಿಕ್...

ಆ ಶಬ್ದಕ್ಕೆ ಅವಳ ಎದೆ ಝಲ್ಲೆಂದಿತ್ತು.

ಮೇಜಿನವರೆಗೆ ಹೇಗೆ ಬಂದಳೋ ಅವಳಿಗೇ ತಿಳಿಯದು. ಓಡುತ್ತಿದ್ದ ಇಂಜಿನ್ನನ್ನು ಅಂಗೈಯಿಂದ ಒತ್ತಿ ಹಿಡಿದಿದ್ದಳು. ಕೈಯಡಿಯಲ್ಲಿ ಪುಟ್ಟ ಚಕ್ರಗಳು ಇನ್ನೂ ತಿರುಗುತ್ತಿದ್ದವು, ಸಿಕ್ಕಿಬಿದ್ದ ಜೀರುಂಡೆಯ ಹಾಗೆ.

ಮೇಜಿನ ಆಚೆ ಕುಳಿತಿದ್ದವನು ಎದ್ದು ಪ್ಲಗ್ ಕಿತ್ತ. ಯಾರು, ಏನು, ಯಾಕೆ ಎಂದು ಒಂದನ್ನೂ ಕೇಳಲಿಲ್ಲ.

"ಕೈಗೆ ಪೆಟ್ಟಾಯ್ತಾ?" ಎಂದ.

ಅವಳು ಇಲ್ಲವೆಂದು ತಲೆಯಾಡಿಸಿದಳು. "ಕ್ಷಮಿಸಿ... ಆ ಶಬ್ದ ನನಗೆ ಆಗಲ್ಲ."

"ನಿಂತಿದೆ. ಇನ್ನು ನೀವು ಹೇಳೋವರೆಗೂ ಓಡಲ್ಲ." ಸ್ಟೂಲಿನ ಮೇಲಿದ್ದ ಫ್ಯಾನಿನ ತಲೆಯನ್ನು ನೆಲಕ್ಕಿಳಿಸಿ ಅವಳತ್ತ ತಳ್ಳಿದ. "ಕೂತ್ಕೊಳ್ಳಿ. ನೀರು ಕುಡೀರಿ. ಲೋಟಕ್ಕೆ ಸ್ವಲ್ಪ ವಾರ್ನಿಷ್ ವಾಸನೆ ಇರಬಹುದು, ನನಗೆ ಅಭ್ಯಾಸ ಆಗಿ ಗೊತ್ತಾಗಲ್ಲ."

ನೀರಿಗೆ ವಾಸನೆ ಇತ್ತು. ಆದರೂ ಕುಡಿದಳು. ಆಮೇಲೆ ಚೀಲದಿಂದ ಬಟ್ಟೆಯ ಗಂಟೊಂದನ್ನು ತೆಗೆದು ಬಿಚ್ಚಿದಳು. ಒಳಗೊಂದು ಹಸಿರು ಇಂಜಿನ್. ಬಣ್ಣ ಅಲ್ಲಲ್ಲಿ ಎದ್ದಿತ್ತು, ಬ್ರಷ್ಷಿನ ಎಳೆಗಳು ಕಾಣುತ್ತಿದ್ದವು.

"ಇದು ಅಪ್ಪನದು. ಬಣ್ಣ ಹಚ್ಚಿದ್ದು ಅಮ್ಮ, ತೀರಿಹೋಗೋದಕ್ಕೆ ಮುಂಚೆ. ಇಂಥವು ಮೂರಿವೆ ಮನೇಲಿ. ಇವಕ್ಕೆ ಡಿಜಿಟಲ್ ಕಂಟ್ರೋಲ್ ಹಾಕಬೇಕು. ಹೊಸಬರಿಗೆ ಸುಲಭ ಆಗೋ ಅಂಥದ್ದು. ಯಾವುದು ತಗೋಬೇಕು, ನನಗೇನೂ ಗೊತ್ತಿಲ್ಲ."

ರೈಲಿನ ಶಬ್ದಕ್ಕೆ ಬೆಚ್ಚಿಬಿದ್ದವಳು ರೈಲಿಗೇ ಕಂಟ್ರೋಲ್ ಕೇಳುತ್ತಿದ್ದಾಳೆ. ರಿಪೇರಿಯವನು ಅವಳ ಮುಖ ನೋಡಿದ, ಇಂಜಿನ್ ನೋಡಿದ, ಕಪಾಟಿನ ಕಡೆ ನಡೆದ.

ಮೇಜಿನ ಮೇಲೆ ಮೂರು ವಸ್ತುಗಳು ಬಂದು ಕುಳಿತವು.

"ಒಂದು ನಂದು, ಎರಡು ರಿಪೇರಿಗೆ ಬಂದವು. ನಿಮಗೆ ಒಪ್ಪಿದ್ದನ್ನ ಹೊಸದಾಗಿ ತರಿಸಿಕೊಡ್ತೀನಿ. ಮೊದಲು ಇದರ ಮರ್ಮ ಹೇಳಿಬಿಡ್ತೀನಿ. ಈಗ ನಿಮ್ಮಲ್ಲಿರೋದು ಕಾಲುವೆಗೆ ನೀರು ಬಿಟ್ಟ ಹಾಗೆ. ಹಳಿಗೆ ಕರೆಂಟ್ ಬಿಟ್ಟರೆ ಮೇಲಿರೋದೆಲ್ಲ ಓಡತ್ತೆ. ಡಿಜಿಟಲ್‌ನಲ್ಲಿ ಹಳೀಲಿ ಕರೆಂಟ್ ಯಾವಾಗಲೂ ಇರತ್ತೆ. ಒಂದೊಂದು ಇಂಜಿನ್ ಹೊಟ್ಟೇಲೂ ಉಗುರಿನಷ್ಟು ಚಿಪ್, ಅದಕ್ಕೊಂದು ನಂಬರ್. ನೀವು ಯಾವ ನಂಬರ್ ಕರೀತೀರೋ ಆ ಇಂಜಿನ್ ಮಾತ್ರ ಹೊರಡತ್ತೆ."

"ಶಾಲೇಲಿ ಹಾಜರಿ ಕೂಗಿದ ಹಾಗೆ."

"ಹಾಗೇ. ಕೂಗಿಸಿಕೊಂಡವರು ಮಾತ್ರ ಏಳಬೇಕು." ಅವನು ಮೊದಲ ವಸ್ತು ಮುಂದೆ ತಳ್ಳಿದ. "ಇದನ್ನ ಫೋನಿಂದ ಓಡಿಸೋದು. ಇದು ಕೈಯಲ್ಲಿ ಹಿಡಿಯೋದು, ವೈರ್ ಇಲ್ಲ, ದೊಡ್ಡ ಪರದೆ, ಗುಂಡಿ ಮೂವತ್ತು. ಇದೋ, ಇದು ಬರೀ ಪೆಟ್ಟಿಗೆ. ಒಂದು ತಿರುಗಣೆ, ಕೆಲವೇ ಗುಂಡಿ, ಅಷ್ಟೆ. ಯಾರು ಓಡಿಸೋದು?"

"ಅಪ್ಪ. ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿದೆ. ಮಾತೂ ಇಲ್ಲ. ಎಡಗೈ ಇದೆ, ಅದೂ ನಡುಗತ್ತೆ." ಅವಳು ಪಾಠ ಒಪ್ಪಿಸುವ ಹಾಗೆ ಹೇಳಿ ಮುಗಿಸಿದಳು. "ಫೋನ್ ಆಗಲ್ಲ. ಗಾಜಿನ ಮೇಲೆ ಬೆರಳು ಜಾರತ್ತೆ, ಅವನಿಗೆ ಹಿಡಿಯೋಕೆ ಏನಾದರೂ ಬೇಕು. ಆ ಪರದೆಯದನ್ನ ಹಿಡಿದರೆ ತಿರುಗಿಸೋಕೆ ಇನ್ನೊಂದು ಕೈ ಎಲ್ಲಿಂದ ತರೋದು?"

"ಹಾಗಾದರೆ ಪೆಟ್ಟಿಗೆನೇ. ಮೇಜಿಗೆ ಸ್ಕ್ರೂ ಹಾಕಿ ಕೂರಿಸಿಬಿಡಬಹುದು. ಕಲಿಯೋರಿಗೆ ಗುಂಡಿ ಎಷ್ಟು ಕಡಿಮೆ ಇದ್ದರೆ ಅಷ್ಟು ಒಳ್ಳೇದು. ಮುಂದೆ ಬೇಕಾದರೆ ಇದಕ್ಕೇ ದೊಡ್ಡದು ಸೇರಿಸಬಹುದು."

ಅವಳು ತಿರುಗಣೆಯನ್ನು ಮೆಲ್ಲಗೆ ತಿರುಗಿಸಿ ನೋಡಿದಳು. ಒಲೆಯ ತಿರುಗಣೆಯಷ್ಟು ದಪ್ಪ, ಹಿಡಿತಕ್ಕೆ ಸಿಗುತ್ತಿತ್ತು. ಕೇಳಲೋ ಬೇಡವೋ ಎಂದು ತುಟಿಯವರೆಗೆ ಬಂದದ್ದನ್ನು ಎರಡು ಸಲ ನುಂಗಿಕೊಂಡಳು.

"ಓಡಿಸೋರು... ಬಿದ್ದುಬಿಟ್ಟರೆ, ಇದಕ್ಕೆ ಗೊತ್ತಾಗತ್ತಾ?"

ಅವನು ಅವಳ ಎದುರಿಗೆ ಬಂದು ಕುಳಿತ. ಅವಳು ಮುಂದುವರಿಯಲಿ ಎಂದು ಕಾದ.

ಅವಳ ಅಪ್ಪ ಮೂವತ್ತು ವರ್ಷ ರೈಲ್ವೆ ಗೇಟ್ ಕಾದವನು. ಗೇಟ್ ನಂಬರ್ ಇಪ್ಪತ್ತೇಳು. ರೈಲು ದಾಟಿಸಿದ್ದೇ ದಾಟಿಸಿದ್ದು, ಒಂದು ದಿನವೂ ಓಡಿಸಿದವನಲ್ಲ. ಆ ಆಸೆಗೆ ಹಿತ್ತಿಲಲ್ಲಿ ಖಾಲಿ ಬಿದ್ದಿದ್ದ ಕೊಟ್ಟಿಗೆಯಲ್ಲಿ ಹಲಗೆ ಜೋಡಿಸಿ, ಅದರ ಮೇಲೆ ಹಳಿ, ಸೇತುವೆ, ಗೇಟು, ಹಿಡಿಯಷ್ಟು ಹೊಲ ಎಲ್ಲ ಮಾಡಿದ್ದ. ಅವನು ಡ್ರೈವರ್, ಮಗಳು ಗಾರ್ಡ್. ಹಸಿರು ಬಟ್ಟೆಯ ಚೂರು ಬೀಸಿದರೆ ಮಾತ್ರ ಗಾಡಿ ಹೊರಡುತ್ತಿತ್ತು. ಅವಳು ಬೆಳೆದು ಸಸಿಗಳ ನರ್ಸರಿಯಲ್ಲಿ ಕಸಿ ಕಟ್ಟುವ ಕೆಲಸಕ್ಕೆ ಸೇರಿದ ಮೇಲೂ ಅಪ್ಪನ ಬಾಯಲ್ಲಿ ಅವಳು 'ಗಾರ್ಡಮ್ಮ' ಆಗಿಯೇ ಉಳಿದಳು.

ಐದು ತಿಂಗಳ ಹಿಂದೆ ಒಂದು ಮಧ್ಯಾಹ್ನ ಅವಳು ಜಗಲಿಯಲ್ಲಿ ಕುಳಿತು ಕಸಿ ಕಟ್ಟುವ ಪ್ಲಾಸ್ಟಿಕ್ ಪಟ್ಟಿ ಕತ್ತರಿಸುತ್ತಿದ್ದಳು. ಕೊಟ್ಟಿಗೆಯಿಂದ ರೈಲಿನ ಸದ್ದು ಬರುತ್ತಿತ್ತು. ಟಿಕ್-ಟಿಕ್, ಟಿಕ್-ಟಿಕ್. ಇವತ್ತು ಅಪ್ಪ ಖುಷಿಯಲ್ಲಿದ್ದಾನೆ ಎಂದುಕೊಂಡಳು. ಒಂದು ಕಟ್ಟು ಮುಗಿಸಿ ಇನ್ನೊಂದು ಕಟ್ಟಿಗೆ ಕೈ ಹಾಕಿದಳು.

ಹೋಗಿ ನೋಡಿದಾಗ ರೈಲು ಓಡುತ್ತಲೇ ಇತ್ತು. ಅಪ್ಪ ಮೇಜಿನಡಿಯಲ್ಲಿ ಬಿದ್ದಿದ್ದ. ಬಿದ್ದು ಮುಕ್ಕಾಲು ಗಂಟೆಯಾಗಿತ್ತು.

"ಬೇಗ ಆಸ್ಪತ್ರೆಗೆ ತಂದಿದ್ದರೆ ಬಲಗೈ ಉಳೀತಿತ್ತಂತೆ," ಎಂದಳು. ಧ್ವನಿ ಅವಳದೇ ಎಂದು ಅವಳಿಗೆ ಅನ್ನಿಸಲಿಲ್ಲ. "ನಾನು ಆ ಸದ್ದು ನಂಬಿಬಿಟ್ಟೆ."

ರಿಪೇರಿಯವನು ತಲೆ ತಗ್ಗಿಸಿ ಹಸಿರು ಇಂಜಿನ್ನಿನ ಚಕ್ರವನ್ನು ಬೆರಳಿನಿಂದ ಒಂದು ಸುತ್ತು ತಿರುಗಿಸಿದ.

"ಈಗ ಡಾಕ್ಟರಮ್ಮ ಅಂತಾರೆ, ಆ ಎಡಗೈಗೆ ಕೆಲಸ ಕೊಡಿ, ಇಲ್ಲದಿದ್ದರೆ ಇರೋದೂ ಹೋಗತ್ತೆ ಅಂತ. ಅಪ್ಪ ಗೋಡೆ ನೋಡ್ಕೊಂಡು ಕೂತಿರ್ತಾನೆ. ಅವನನ್ನ ಎಬ್ಬಿಸೋಕೆ ಈ ರೈಲು ಬಿಟ್ಟು ಬೇರೇನೂ ಇಲ್ಲ. ನನಗೋ... ಕೈ ತೆಗೆದ ತಕ್ಷಣ ಅದು ನಿಲ್ಲಬೇಕು. ಅಷ್ಟೇ ಬೇಕು ನನಗೆ."

"ಅಂಥದ್ದು ಯಾವ ಪೆಟ್ಟಿಗೇಲೂ ಇಲ್ಲ," ಎಂದ. ಅವಳ ಮುಖ ಕಳೆಗುಂದುವುದರೊಳಗೆ ಸೇರಿಸಿದ, "ನಾನು ಮಾಡಿಕೊಡ್ತೀನಿ. ಅಂಗೈ ಅಗಲದ ಒಂದು ಹಲಗೆ, ಕೆಳಗೆ ಸ್ಪ್ರಿಂಗು. ಅಂಗೈ ಊರಿದ್ದರೆ ಹಳಿಗೆ ಕರೆಂಟ್, ಎತ್ತಿದರೆ ಇಲ್ಲ. ಬೆರಳಿಗೆ ತಿರುಗಣೆ ಸಿಗೋ ಹಾಗೆ ಕೂರಿಸ್ತೀನಿ. ಎಲ್ಲಿ, ನಿಮ್ಮ ಎಡಗೈ ಈ ಕಾಗದದ ಮೇಲೆ ಇಡಿ, ಅಂದಾಜಿಗೆ."

ಪೆನ್ಸಿಲು ಅವಳ ಬೆರಳುಗಳ ಸಂದಿಯಲ್ಲಿ ನಿಧಾನವಾಗಿ ಹಾದುಹೋಯಿತು. ಕೈ ನಡುಗುತ್ತಿತ್ತು. ಈಗಿನ ನಡುಕ ಮಾತ್ರ ಆ ಸದ್ದಿನದಲ್ಲ ಎಂದು ಅವಳಿಗೆ ಗೊತ್ತಾಯಿತು, ಗೊತ್ತಾಗಿ ಇನ್ನಷ್ಟು ಭಯವಾಯಿತು.

ಅವನು ಮನೆಗೆ ಬಂದ ದಿನ ಬಾಗಿಲು ತೆಗೆದವಳು ಅತ್ತೆ, ಅಪ್ಪನ ಅಕ್ಕ. ಅಡುಗೆಮನೆ, ತಮ್ಮನ ಔಷಧಿ, ಊರಿನ ಸುದ್ದಿ, ಈ ಮೂರೂ ಆಕೆಯ ಸುಪರ್ದಿನಲ್ಲಿದ್ದವು.

"ನೀನೇನಾ ಮೋಟಾರ್ ಡಾಕ್ಟರು? ನನ್ನ ಮಂಡಿಗೂ ಒಂದು ಚಿಪ್ ಹಾಕಿಕೊಡಪ್ಪ, ನಂಬರ್ ಕರೆದಾಗ ಮಾತ್ರ ನೋಯಲಿ."

"ಮಂಡಿಗೆ ಗ್ಯಾರಂಟಿ ಕೊಡಲ್ಲ, ಅಮ್ಮ."

"ಮಾತು ಬರತ್ತಲ್ಲ. ಇವಳು ನೋಡಿದರೆ ನೀನು ಮೂಗ ಅನ್ನೋ ಹಾಗೆ ಹೇಳಿದ್ದಳು."

ಗಾರ್ಡಮ್ಮ ಚಹಾ ತರುವ ನೆಪದಲ್ಲಿ ಒಳಗೆ ನುಸುಳಿದಳು.

ಅವನು ಅಪ್ಪನ ಮುಂದೆ ನೆಲದಲ್ಲೇ ಕುಳಿತ. ಕಾಗದ ಇಟ್ಟು ಎಡಗೈಯ ಅಳತೆ ತೆಗೆದ. ನಡುಕಕ್ಕೆ ಗೆರೆಯೆಲ್ಲ ಅಲೆಯಲೆಯಾಗಿ ಬಂತು. ಅಳಿಸಿ ಮತ್ತೆ ಬರೆಯಲಿಲ್ಲ. "ಇದೇ ಸರಿ. ನಡುಗಿದರೂ ಜಾರದ ಹಾಗೆ ಮಾಡಬೇಕಲ್ಲ," ಎಂದು ಅಪ್ಪನಿಗೇ ಹೇಳಿದ, ಅಪ್ಪ ಉತ್ತರ ಕೊಡುತ್ತಾನೆ ಎನ್ನುವ ಹಾಗೆ. ಗೋಡೆ ನೋಡುತ್ತಿದ್ದ ಅಪ್ಪನ ಕಣ್ಣು ಮೊದಲ ಬಾರಿಗೆ ಈಚೆ ತಿರುಗಿತು.

ಮುಂದಿನ ವಾರಗಳಲ್ಲಿ ಅವನು ಸಂಜೆಯ ಬೆಳಕಿರುವಾಗಲೇ ಬಂದು ಹೋಗುತ್ತಿದ್ದ. ಇಂಜಿನ್ನುಗಳ ಹೊಟ್ಟೆ ಬಿಚ್ಚಿ ಚಿಪ್ ಕೂರಿಸುವಾಗ ಕೂದಲೆಳೆಯಂಥ ತಂತಿ ಹಿಡಿಯಲು ಇನ್ನೊಂದು ಕೈ ಬೇಕಾಗುತ್ತಿತ್ತು. ಕಸಿ ಕಟ್ಟಿ ಪಳಗಿದ ಕೈ ಅವಳದು; ಅಲುಗದೆ ಹಿಡಿಯುತ್ತಿದ್ದಳು.

"ಎಲ್ಲಿ ಕಲಿತಿರಿ ಇಷ್ಟು ಸ್ಥಿರವಾಗಿ ಹಿಡಿಯೋದು?"

"ಕಸೀಲಿ ಎರಡು ತೊಗಟೆ ಕೂಡೋವರೆಗೂ ಉಸಿರು ಬಿಡೋ ಹಾಗಿಲ್ಲ. ಕಟ್ಟಿದ ಮೇಲೂ ಮೂರು ವಾರ ಬಿಚ್ಚಿ ನೋಡಬಾರದು. ಭಯ ಆದರೂ ಕಾಯಬೇಕು."

"ಭಯ ಆಗತ್ತಾ?"

"ಒಂದೊಂದು ಸಸಿಗೂ ಆಗತ್ತೆ."

ಅವನು ಬೆಸುಗೆ ಕಡ್ಡಿ ಕೆಳಗಿಟ್ಟು ಒಂದು ಕ್ಷಣ ಅವಳನ್ನೇ ನೋಡಿದ. ಅವಳು ತಂತಿ ನೋಡಿದಳು. ಅತ್ತೆ ಬಾಗಿಲಲ್ಲಿ ನಿಂತು ಯಾರಿಗೂ ಅಲ್ಲವೆಂಬಂತೆ ಕೆಮ್ಮಿದಳು.

ಮೂರು ಇಂಜಿನ್ನಿಗೂ ಒಂದು, ಎರಡು, ಮೂರು ಎಂದು ನಂಬರ್ ಕೊಟ್ಟು, ಹಲಗೆ ಕೂರಿಸಿ, ಪೆಟ್ಟಿಗೆಯ ಜೊತೆ ಬಂದ ಕೈಪಿಡಿಯನ್ನು ಅವಳ ಕೈಗಿತ್ತು ಅವನು ಹೊರಟ. ಮರುದಿನ ಬೆಳಿಗ್ಗೆ ಅಪ್ಪನೇ ಓಡಿಸುವುದೆಂದು ನಿಶ್ಚಯವಾಗಿತ್ತು.

ಅವನು ಹೋದ ಮೇಲೆ ಗಾರ್ಡಮ್ಮನಿಗೊಂದು ಆಸೆ ಹುಟ್ಟಿತು. ಅಮ್ಮ ಬಣ್ಣ ಹಚ್ಚಿದ ಇಂಜಿನ್ನಿಗೆ ಒಂದು, ಎರಡು ಯಾಕೆ? ಇಪ್ಪತ್ತೇಳು ಕೊಟ್ಟರೆ? ಮೂವತ್ತು ವರ್ಷ ಅಪ್ಪ ಆ ಅಂಕಿಯ ಕೆಳಗೆ ನಿಂತಿದ್ದ. ಪೆಟ್ಟಿಗೆಯಲ್ಲಿ ನಂಬರ್ ತೋರಿಸುವ ಪುಟ್ಟ ಕಿಟಕಿಯಲ್ಲಿ ಅದು ಕಂಡರೆ ಅಪ್ಪನ ಮುಖ ಹೇಗಾಗಬಹುದು... ಯಾರಿಗೂ ಹೇಳಲಿಲ್ಲ. ಕೈಪಿಡಿ ತೆರೆದು, ಯಾವ ಗುಂಡಿ ಆದ ಮೇಲೆ ಯಾವ ಗುಂಡಿ ಎಂದು ಬರೆದಿದ್ದ ಪುಟ ಹುಡುಕಿ, ಹಲಗೆಯ ಮೇಲೆ ಒಂದು ಕೈ ಊರಿ, ಅದರಂತೆ ಒತ್ತಿದಳು. ಕಿಟಕಿಯಲ್ಲಿ ಇಪ್ಪತ್ತೇಳು ಮೂಡಿತು. ಮೂರು ಇಂಜಿನ್ನುಗಳೂ ಹಳಿಯ ಮೇಲೆ ನಿಂತಿದ್ದವು.

ಬೆಳಿಗ್ಗೆ ರಿಪೇರಿಯವನು ಬರುವವರೆಗೂ ತಡೆಯದೆ ಅಪ್ಪನನ್ನು ಕೊಟ್ಟಿಗೆಗೆ ಕರೆತಂದು ಕುರ್ಚಿಯಲ್ಲಿ ಕೂರಿಸಿದಳು. ಎಡಗೈಯನ್ನು ಹಲಗೆಯ ಮೇಲೆ ಇಟ್ಟಳು. ಇಪ್ಪತ್ತೇಳು ಒತ್ತಿದಳು.

ಅಪ್ಪ ಅಂಕಿ ನೋಡಿದ. ನೋಡುತ್ತಲೇ ಇದ್ದ. ತುಟಿಯ ಒಂದು ಕೊನೆ ಅಲುಗಿತು. ಬೆರಳು ತಾನಾಗಿ ತಿರುಗಣೆಗೆ ಹೋಯಿತು.

ಹಸಿರು ಇಂಜಿನ್ ಹೊರಟಿತು. ಅದರ ಹಿಂದೆಯೇ ಮೂಲೆಯ ಕಪ್ಪು ಇಂಜಿನ್ ಹೊರಟಿತು. ಆಚೆ ಕಡೆಯಿಂದ ಕೆಂಪು ಇಂಜಿನ್ನೂ ಹೊರಟಿತು, ಎದುರು ಮುಖವಾಗಿ.

"ಅಪ್ಪ, ಕೈ ತೆಗಿ! ತೆಗಿ ಅಪ್ಪ!"

ಗಾಬರಿಗೆ ಅಪ್ಪನ ಕೈ ಮೇಲೇಳಲಿಲ್ಲ. ಮತ್ತಷ್ಟು ಬಿಗಿಯಾಗಿ ಊರಿಕೊಂಡಿತು. ಸೇತುವೆಯ ನಡುವೆ ಕೆಂಪು ಹಸಿರು ಎರಡೂ ಮುಖಾಮುಖಿ ಹೊಡೆದವು. ಹಸಿರು ಇಂಜಿನ್ ಒಮ್ಮೆ ಓಲಾಡಿ, ಸೇತುವೆಯಿಂದ ಜಾರಿ, ನೆಲಕ್ಕೆ ಬಿತ್ತು.

ಅದು ಬಿದ್ದ ಜಾಗ ಅಪ್ಪ ಅಂದು ಬಿದ್ದಿದ್ದ ಜಾಗವೇ.

ಅಪ್ಪ ತನ್ನ ಎಡಗೈಯನ್ನೇ ನೋಡಿಕೊಂಡ. ಆಮೇಲೆ ಅದನ್ನು ನಿಧಾನವಾಗಿ ಎತ್ತಿ ಬಲ ಕಂಕುಳಿಗೆ ಸೇರಿಸಿಬಿಟ್ಟ.

ರಿಪೇರಿಯವನು ಬಂದಾಗ ಅವಳು ಅಂಗಳದಲ್ಲಿ ನಿಂತಿದ್ದಳು. ಅವನು ಒಳಗೆ ಹೋಗಿ ಉಳಿದೆರಡು ಇಂಜಿನ್ನುಗಳನ್ನು ಒಂದೊಂದಾಗಿ ಹಳಿಗಿಟ್ಟು ಪೆಟ್ಟಿಗೆಯಲ್ಲಿ ನೋಡಿದ. ಕೊಟ್ಟಿಗೆಯ ಬಾಗಿಲಿಗೆ ಹೊಡೆದಿದ್ದ ಹಳೆಯ ತಗಡಿನ ಫಲಕವನ್ನು ನೋಡಿದ. ಗೇಟ್ ನಂಬರ್ ೨೭. ಅಲ್ಲೇ ಸ್ವಲ್ಪ ಹೊತ್ತು ನಿಂತ.

"ಏನಾಯ್ತು ಅದಕ್ಕೆ?" ಎಂದಳು.

"ತಪ್ಪು ನಂದು."

"ಅಷ್ಟೇನಾ?" ಭಯವೆಲ್ಲ ಕೋಪವಾಗಿ ಬಾಯಿಗೆ ಬಂತು. "ಹೊಸಬರಿಗೆ ಸುಲಭ ಅಂದಿರಿ. ಒಂದು ಕರೆದರೆ ಒಂದೇ ಏಳತ್ತೆ ಅಂದಿರಿ. ಮೂರೂ ಎದ್ದು ಬಂದವು. ಅಪ್ಪ ಕೈ ಒಳಗೆ ಬಚ್ಚಿಟ್ಟುಕೊಂಡಿದ್ದಾನೆ, ಗೊತ್ತಾ? ತುತ್ತು ತಿನ್ನೋಕೂ ಹೊರಗೆ ತೆಗೀತಿಲ್ಲ. ಅವನಿಗೆ ಉಳಿದಿದ್ದ ಒಂದು ಕೈ ಅದು..."

ಅವನು ಕೈ ಚಾಚಿದ. "ಆ ಹಸಿರು ಇಂಜಿನ್ ಕೊಡಿ. ಸರಿ ಮಾಡ್ತೀನಿ."

"ಬೇಡ. ಏನೂ ಮುಟ್ಟಬೇಡಿ. ಇನ್ನು ಈ ಕಡೆ ಬರಲೂ ಬೇಡಿ."

ಅವನು ಉಪಕರಣದ ಚೀಲ ಹೆಗಲಿಗೇರಿಸಿಕೊಂಡು ಹೋದ. ಮನೆಯ ಗೇಟಿನ ಹತ್ತಿರ ಒಮ್ಮೆ ತಿರುಗಿ ನೋಡುತ್ತಾನೆ ಎಂದು ಅವಳ ಮನಸ್ಸಿನ ಯಾವುದೋ ಮೂಲೆ ಕಾದಿತ್ತು. ಅವನು ತಿರುಗಲಿಲ್ಲ.

ಆರು ದಿನ ಕಳೆಯಿತು. ಅಪ್ಪನ ಕೈ ಕಂಕುಳಲ್ಲೇ ಇತ್ತು. ಅತ್ತೆ ತುತ್ತು ಮಾಡಿ ಬಾಯಿಗಿಟ್ಟರೆ ನುಂಗುತ್ತಿದ್ದ, ಇಲ್ಲದಿದ್ದರೆ ಇಲ್ಲ. ಸ್ನಾನ ಮಾಡಿಸುವಾಗ ಬಿಡಿಸಲು ಹೋದರೆ ಕಣ್ಣಲ್ಲಿ ನೀರು ತುಂಬಿಕೊಳ್ಳುತ್ತಿದ್ದ. ಡಾಕ್ಟರಮ್ಮ ಹೇಳಿದ ಮಾತು ಗಾರ್ಡಮ್ಮನ ತಲೆಯಲ್ಲಿ ಗಿರಿಗಿಟ್ಟಲೆಯಂತೆ ಸುತ್ತುತ್ತಿತ್ತು. ಇರೋದೂ ಹೋಗತ್ತೆ. ನರ್ಸರಿಯಲ್ಲಿ ಅವಳ ಚಾಕು ಎರಡು ಸಲ ಜಾರಿತು.

"ಆ ಮೋಟಾರ್ ಡಾಕ್ಟರು ಚೆನ್ನಾಗೇ ಮಾಡ್ತಿದ್ದ," ಎಂದಳು ಅತ್ತೆ, ತಟ್ಟೆ ತೊಳೆಯುತ್ತ. "ಏನು ಮಾಡಿದ ಅಂತ ಅಟ್ಟಿದೆ?"

"ತಪ್ಪು ನಂದು ಅಂತ ಅವನೇ ಒಪ್ಪಿಕೊಂಡ, ಅತ್ತೆ."

"ಏನು ತಪ್ಪು?"

ಅವನು ಏನು ತಪ್ಪು ಎಂದು ಹೇಳಿಯೇ ಇರಲಿಲ್ಲ.

ಗಾರ್ಡಮ್ಮ ಕೊಟ್ಟಿಗೆಗೆ ಹೋಗಿ ಕೈಪಿಡಿ ತೆರೆದಳು. ಅಂದು ಗುಂಡಿಗಳ ಪುಟಕ್ಕೇ ಹಾರಿದ್ದಳು. ಈಗ ಮೊದಲಿನಿಂದ ಓದಿದಳು. ಗುಂಡಿಗಳ ಪುಟಕ್ಕೆ ಒಂದು ಪುಟ ಹಿಂದೆ, ಪೆನ್ಸಿಲಿನಲ್ಲಿ ಅಡಿಗೆರೆ ಎಳೆದ ಒಂದು ಸಾಲಿತ್ತು. ಅವನ ಪೆನ್ಸಿಲು. 'ನಂಬರ್ ಬದಲಿಸುವಾಗ ಹಳಿಯ ಮೇಲೆ ಒಂದೇ ಇಂಜಿನ್ ಇರಲಿ. ಹಳಿಯ ಮೇಲೆ ಎಷ್ಟಿವೆಯೋ ಅಷ್ಟೂ ಹೊಸ ನಂಬರನ್ನೇ ತೆಗೆದುಕೊಳ್ಳುತ್ತವೆ.'

ಆ ಸಾಲನ್ನು ಇನ್ನೊಮ್ಮೆ ಓದಿದಳು.

ಇಲ್ಲ... ಇರಲಾರದು. ಕಪ್ಪು ಇಂಜಿನ್ನೊಂದನ್ನೇ ಹಳಿಗಿಟ್ಟು ಹಲಗೆ ಒತ್ತಿ ಇಪ್ಪತ್ತೇಳು ಕರೆದಳು. ಹೊರಟಿತು. ಅದನ್ನು ಎತ್ತಿ ಕೆಂಪು ಇಂಜಿನ್ ಇಟ್ಟಳು. ಇಪ್ಪತ್ತೇಳು. ಅದೂ ಹೊರಟಿತು.

ಆ ಅಂಕಿ ಕೊಟ್ಟವಳು ಅವಳೊಬ್ಬಳೇ. ಅವನು ಅವತ್ತೇ ಪೆಟ್ಟಿಗೆಯಲ್ಲಿ ಅದನ್ನು ಕಂಡಿದ್ದ. ಬಾಗಿಲಿನ ಫಲಕ ನೋಡಿ ಯಾರು ಕೊಟ್ಟದ್ದೆಂದೂ ತಿಳಿದಿದ್ದ. ತಿಳಿದೂ ಬೈಸಿಕೊಂಡು ಹೋಗಿದ್ದ.

ಹಸಿರು ಇಂಜಿನ್ನನ್ನು ಅದೇ ಬಟ್ಟೆಯಲ್ಲಿ ಸುತ್ತಿಕೊಂಡು ಅವಳು ಅಂಗಡಿಗೆ ಹೋದಾಗ ಅವನು ಪಂಪಿನ ಮೋಟಾರಿಗೆ ತಂತಿ ಸುತ್ತುತ್ತಿದ್ದ. ಎಣಿಕೆ ತಪ್ಪಬಾರದೆಂದು ತುಟಿ ಅಲುಗುತ್ತಿತ್ತು. ಅವಳನ್ನು ಕಂಡು ಎಣಿಕೆ ತಪ್ಪಿತು.

"ನಂಬರ್ ಬದಲಿಸಿದ್ದು ನಾನು," ಎಂದಳು ನಿಂತಲ್ಲೇ. "ನಿಮಗೆ ಗೊತ್ತಿತ್ತು."

ಅವನು ಮೋಟಾರನ್ನು ಪಕ್ಕಕ್ಕೆ ಸರಿಸಿದ.

"ಯಾಕೆ ಹೇಳಲಿಲ್ಲ?"

"ಅಪ್ಪ ಬಿದ್ದ ದಿನದ್ದೂ ನಂದೇ ತಪ್ಪು ಅಂತ ಹೊತ್ಕೊಂಡು ತಿರುಗ್ತಿದ್ದೀರಿ. ಅದರ ಮೇಲೆ ಇದನ್ನೂ ಹೇರೋದು ಬೇಡ ಅನ್ನಿಸ್ತು." ಅವನು ತಂತಿಯ ತುದಿಯನ್ನು ಬೆರಳಿಗೆ ಸುತ್ತಿದ, ಬಿಚ್ಚಿದ. "ಅಲ್ಲದೆ ಆ ಸಾಲಿಗೆ ಗೆರೆ ಎಳೆದು ಕೊಟ್ಟೆ, ಬಾಯಿಬಿಟ್ಟು ಹೇಳಲಿಲ್ಲ. ಅದು ನನ್ನ ತಪ್ಪೇ."

ಇಷ್ಟು ಮೃದುವಾಗಿ ಅವಳನ್ನು ಯಾರೂ ಕಾಯ್ದಿರಲಿಲ್ಲ. ಅದರ ಜೊತೆಗೇ ಇನ್ನೊಂದು ಯೋಚನೆ ಚಳಿಯ ಹಾಗೆ ಬೆನ್ನಿಗಿಳಿಯಿತು.

"ನನ್ನನ್ನ ಉಳಿಸೋಕೆ ಹೋಗಿ ಅಪ್ಪನ್ನ ಮರೆತಿರಿ," ಎಂದಳು. "ಅವನು ಕೈ ಯಾಕೆ ಬಚ್ಚಿಟ್ಟಿದ್ದಾನೆ? ತನ್ನ ಕೈಯಿಂದಲೇ ಗಾಡಿ ಬಿತ್ತು ಅಂತ. ಯಾರೂ ಅವನಿಗೆ ಅಲ್ಲ ಅನ್ನಲಿಲ್ಲ. ನೀವೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಆರು ದಿನ."

ಅವನು ತಂತಿ ಕೆಳಗಿಟ್ಟ. "ಅದು... ನನಗೆ ಹೊಳೀಲೇ ಇಲ್ಲ."

"ಬನ್ನಿ ನನ್ನ ಜೊತೆ. ಈಗಲೇ. ಒಬ್ಬಳೇ ಹೇಳೋಕೆ ನನಗೆ ಭಯ."

ಅವನು ಎದ್ದ. ಬೆಸುಗೆಯ ಸಾಮಾನು ಎತ್ತಿಕೊಳ್ಳಲು ತಿರುಗಿದಾಗ ಮೇಜಿನ ಹಿಂದಿನ ಗೋಡೆ ಅವಳಿಗೆ ಕಂಡಿತು. ತಂತಿ ಸುರುಳಿಗಳ ನಡುವೆ ಕಾಗದವೊಂದನ್ನು ಮೊಳೆಗೆ ಸಿಕ್ಕಿಸಿತ್ತು. ಅದರ ಮೇಲೆ ಪೆನ್ಸಿಲಿನ ಗೆರೆಯಲ್ಲಿ ಒಂದು ಸಣ್ಣ ಎಡಗೈ.

"ಅಳತೆಗೆ ಬೇಕಿತ್ತು," ಎಂದ ಅವನು, ಅವಳ ನೋಟ ಹೋದಲ್ಲಿಗೆ ತಾನೂ ನೋಡಿ.

"ಅಪ್ಪನ ಅಳತೆ ತಗೊಂಡ ಮೇಲೂ?"

ಅವನು ಸಾಮಾನಿನ ಚೀಲ ಹೆಗಲಿಗೇರಿಸಿ ಬಾಗಿಲ ಕಡೆ ನಡೆದ.

ಅಪ್ಪ ಗೋಡೆಗೆ ಮುಖಮಾಡಿ ಕುಳಿತಿದ್ದ. ಗಾರ್ಡಮ್ಮ ಅವನ ಕಾಲ ಬಳಿ ಕುಳಿತಳು.

"ಅಪ್ಪ, ಗಾಡಿ ಬಿದ್ದದ್ದು ನಿನ್ನ ಕೈಯಿಂದ ಅಲ್ಲ. ನಾನು ಮೂರಕ್ಕೂ ಒಂದೇ ನಂಬರ್ ಕೊಟ್ಟುಬಿಟ್ಟಿದ್ದೆ. ನಿನ್ನ ಗೇಟಿನ ನಂಬರ್. ನಿನಗೆ ಖುಷಿಯಾಗಲಿ ಅಂತ. ನೀನು ಸರಿಯಾಗೇ ಓಡಿಸಿದ್ದೆ." ಇನ್ನೂ ಒಂದು ಮಾತು ಉಳಿದಿತ್ತು. ಅವನು ಬಿದ್ದಂದಿನಿಂದ ಉಳಿದಿದ್ದ ಮಾತು. "ಅವತ್ತು ನೀನು ಬಿದ್ದಾಗಲೂ... ನಾನು ಜಗಲೀಲೇ ಇದ್ದೆ, ಅಪ್ಪ. ಸದ್ದು ಕೇಳಿ ಚೆನ್ನಾಗಿದ್ದೀಯ ಅಂದ್ಕೊಂಡೆ. ಬರಲಿಲ್ಲ."

ಅಪ್ಪ ಅಲುಗಲಿಲ್ಲ. ಬಾಗಿಲಲ್ಲಿ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡಳು. ರಿಪೇರಿಯವನು ಗೋಡೆಗೊರಗಿ ನೆಲ ನೋಡುತ್ತಿದ್ದ.

ಬಹಳ ಹೊತ್ತಾದ ಮೇಲೆ ಅಪ್ಪನ ತೋಳು ಸಡಿಲಾಯಿತು. ಆರು ದಿನ ಅಡಗಿದ್ದ ಕೈ ಹೊರಗೆ ಬಂತು, ಬೆವರಿ, ಸುಕ್ಕುಗಟ್ಟಿ. ನಡುಗುತ್ತ ಬಂದು ಅವಳ ನೆತ್ತಿಯ ಮೇಲೆ ಕುಳಿತಿತು. ಅಲ್ಲಿಯೇ ಇತ್ತು.

ಮೂರು ವಾರ ಕಳೆದ ಮೇಲಿನ ಒಂದು ಸಂಜೆ. ಗಾರ್ಡಮ್ಮ ಜಗಲಿಯಲ್ಲಿ ಕಸಿಯ ಪಟ್ಟಿ ಕತ್ತರಿಸುತ್ತಿದ್ದಳು. ಅಂದಿನ ಜಾಗ, ಅಂದಿನ ಕೆಲಸ. ಕೊಟ್ಟಿಗೆಯಿಂದ ಸದ್ದು ಬರುತ್ತಿತ್ತು. ಟಿಕ್-ಟಿಕ್, ಟಿಕ್-ಟಿಕ್. ಈಗ ಪ್ರತಿ ಸದ್ದಿಗೂ ಒಂದು ಅರ್ಥವಿತ್ತು: ಕೈ ಹಲಗೆಯ ಮೇಲಿದೆ. ಅಲ್ಲಿ ರಿಪೇರಿಯವನೂ ಇದ್ದಾನೆ. ಹಾಗಿದ್ದರೂ ಅವಳ ಕಿವಿ ಒಂದು ಕ್ಷಣವೂ ಅತ್ತಿಂದ ಕದಲುತ್ತಿರಲಿಲ್ಲ.

ಸದ್ದು ನಿಂತಿತು.

ಕತ್ತರಿ ಕೈಯಿಂದ ಬಿತ್ತು. ಒಂದು... ಎರಡು... ಮೂರು... ಮತ್ತೆ ಶುರುವಾಗಲಿಲ್ಲ.

ಅಂಗಳ ಅಷ್ಟು ಉದ್ದವಿದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಪಟ್ಟಿಯ ಕಟ್ಟು ತುಳಿದು, ಬಕೆಟ್ ಒದ್ದು, ಅಪ್ಪ ಎಂದು ಕೂಗಲೂ ಧ್ವನಿಯಿಲ್ಲದೆ ಕೊಟ್ಟಿಗೆಯ ಬಾಗಿಲಿಗೆ ಬಂದು ಬಿದ್ದಳು.

ಅಪ್ಪ ಕುರ್ಚಿಯಲ್ಲಿ ನೆಟ್ಟಗೆ ಕುಳಿತಿದ್ದ. ಎಡಗೈ ಗಾಳಿಯಲ್ಲಿ ಎತ್ತಿ ಹಿಡಿದಿದ್ದ, ಬೇಕೆಂದೇ. ತುಟಿಯ ಒಂದು ಬದಿಯಲ್ಲಿ ತುಂಟ ನಗು. ಪಕ್ಕದಲ್ಲಿ ರಿಪೇರಿಯವನು ಕಿವಿಯವರೆಗೂ ಕೆಂಪಾಗಿ ನಿಂತಿದ್ದ.

"ಗಾ..." ಎಂದ ಅಪ್ಪ. ಗಂಟಲಲ್ಲಿ ಏನೋ ಎಳೆದಾಡಿತು. "ಗಾರ್... ಡ್."

ಅವಳು ಬಾಗಿಲ ಚೌಕಟ್ಟು ಹಿಡಿದೇ ಕುಸಿದಳು. ಅಳು ನಗು ಎರಡೂ ಒಟ್ಟಿಗೆ ಬಂದು ಯಾವುದೂ ಸರಿಯಾಗಿ ಬರಲಿಲ್ಲ. "ಇನ್ನೊಂದು ಸಲ ಹೀಗೆ ಮಾಡಿದರೆ ನನ್ನ ಜೀವನೇ ಹೋಗತ್ತೆ, ಅಪ್ಪ."

ಅಪ್ಪ ಎತ್ತಿದ ಕೈಯಿಂದಲೇ ರಿಪೇರಿಯವನನ್ನು ತೋರಿಸಿದ. ಬೆರಳು ನಡುಗುತ್ತಿತ್ತು, ಗುರಿ ಮಾತ್ರ ತಪ್ಪಲಿಲ್ಲ.

"ನಾನು... ಅವರ ಹತ್ತಿರ ಒಂದು ಮಾತು ಕೇಳಿದೆ," ಎಂದ ಅವನು. "ಅದನ್ನ ನಿಮ್ಮನ್ನೇ ಕೇಳಬೇಕು ಅನ್ನೋ ಹಾಗೆ ಜಗಲಿ ಕಡೆ ಬೆರಳು ತೋರಿಸಿದರು. ನಾಳೆ ಕೇಳ್ತೀನಿ ಅಂದೆ. ನೀವೇ ಬರಲಿ ಅಂತ ಗಾಡಿ ನಿಲ್ಲಿಸಿಬಿಟ್ಟರು."

"ಏನು ಕೇಳೋದಿತ್ತು?"

"ಈ ಮನೆಗೆ ರಿಪೇರಿ ಕೆಲಸ ಇದ್ದಾಗ ಮಾತ್ರ ಬರೋದು... ಸಾಲ್ತಿಲ್ಲ ನನಗೆ. ಇಲ್ಲೇ ಇದ್ದುಬಿಡಲಾ ಅಂತ. ನಿಮ್ಮ ಜೊತೆ."

ಅವಳ ಎದೆ ಇನ್ನೂ ಓಟದ ಬಡಿತದಲ್ಲೇ ಇತ್ತು. ಅದರಲ್ಲಿ ಯಾವುದು ಹೆದರಿಕೆ, ಯಾವುದು ಅಲ್ಲ ಎಂದು ಬೇರೆ ಮಾಡಲು ಆಗಲಿಲ್ಲ.

"ನನಗೆ ಎಲ್ಲಕ್ಕೂ ಭಯ," ಎಂದಳು. "ಸದ್ದಾದರೂ ಭಯ, ಆಗದಿದ್ದರೂ ಭಯ. ಹೀಗೆ ದಿನಕ್ಕೆ ಹತ್ತು ಸಲ ಓಡಿ ಬರ್ತೀನಿ. ನೋಡಿದ್ರಲ್ಲ."

"ನೋಡಿದೆ. ಬಕೆಟ್ಟೂ ಕೇಳಿಸಿತು." ಅವನು ಬಂದು ಅವಳ ಎದುರು ಕುಕ್ಕರಗಾಲಲ್ಲಿ ಕುಳಿತ. "ಒಂದು ಕರೆಗಂಟೆ ಹಾಕಿಕೊಡ್ತೀನಿ. ಅಪ್ಪನಿಗೆ ಕರೀಬೇಕು ಅನ್ನಿಸಿದರೆ ಅದನ್ನ ಒತ್ತಲಿ, ಗಾಡಿ ನಿಲ್ಲಿಸೋದು ಬೇಡ. ಜಗಲಿಗೊಂದು, ಅಡುಗೆಮನೆಗೊಂದು, ಹಿತ್ತಿಲಿಗೊಂದು."

ಹಿಂದಿನಿಂದ ಮತ್ತೆ ಟಿಕ್-ಟಿಕ್ ಶುರುವಾಯಿತು. ಅಪ್ಪ ಕೈ ಇಟ್ಟಿದ್ದ. ಹಸಿರು ಇಂಜಿನ್, ನಂಬರ್ ಇಪ್ಪತ್ತೇಳು, ಒಂಟಿಯಾಗಿ ಸೇತುವೆ ದಾಟುತ್ತಿತ್ತು.

ಅವಳು ಕಣ್ಣೊರೆಸಿಕೊಂಡು ಅವನ ಕೈಯನ್ನು ನೋಡಿದಳು. ತಾಮ್ರದ ತಂತಿ ಕೊಯ್ದ ಗೆರೆಗಳಿದ್ದ ಕೈ. ತನ್ನ ಎಡಗೈಯನ್ನು ಅದರ ಮೇಲಿಟ್ಟಳು.

"ಅಷ್ಟೆಲ್ಲ ಗಂಟೆ ಹಾಕೋಕೆ ಎಷ್ಟು ದಿನ ಬೇಕು?"

"ಬೇಗ ಮಾಡಿದರೆ ಒಂದು ವಾರ. ನಿಧಾನ ಮಾಡಿದರೆ... ಬಹಳ ವರ್ಷ ಆಗತ್ತೆ."

"ನಿಧಾನವಾಗೇ ಮಾಡಿ," ಎಂದಳು.